ಹಾಲಿನ ಲೆಕ್ಕ ಇಟ್ಟ ಡಾಕ್ಟರು: ಜಾನ್ ಬಾಯ್ಡ್ ಓರ್

ಗ್ಲಾಸ್ಗೋ ಯೂನಿವರ್ಸಿಟಿಗೆ ಬಂದ ಮೊದಲ ವಾರದಲ್ಲೇ ನಮಗೆ ಪರಿಚಯವಾಗುವ ಹೆಸರುಗಳಲ್ಲಿ ಬಾಯ್ಡ್ ಓರ್ ಒಂದು. ಟೈಮ್‌ಟೇಬಲ್‌ನಲ್ಲಿ ಲೆಕ್ಚರ್ ಎಲ್ಲಿ ಅಂತ ನೋಡಿದರೆ ಬಾಯ್ಡ್ ಓರ್ ಬಿಲ್ಡಿಂಗ್. ಯೂನಿವರ್ಸಿಟಿ ಅವೆನ್ಯೂ ಪಕ್ಕದಲ್ಲಿ ನಿಂತಿರುವ ಎತ್ತರದ ಕಾಂಕ್ರೀಟ್ ಕಟ್ಟಡ. ಫೋಟೋ ತೆಗೆದು ಅಮ್ಮನಿಗೆ ಕಳಿಸೋಣ ಅಂತ ಅನ್ನಿಸುವ ಕಟ್ಟಡ ಅಲ್ಲ, ಆ ಭಾಗ್ಯವೆಲ್ಲ ಎದುರುಗಡೆಯ ಹಳೇ ಗೋಪುರಕ್ಕೆ. ನಾವೂ ಎಷ್ಟೋ ದಿನ ಓರ್ ಅಂದ್ರೆ ಯಾರೋ ದುಡ್ಡು ಕೊಟ್ಟ ಶ್ರೀಮಂತ ಇರಬೇಕು ಅಂದುಕೊಂಡೇ ಒಳಗೆ ಹೊರಗೆ ಓಡಾಡಿದೆವು. ಆಮೇಲೆ ಒಂದು ದಿನ ಸುಮ್ಮನೆ ಕುತೂಹಲಕ್ಕೆ ಹುಡುಕಿದಾಗ ಗೊತ್ತಾಯಿತು: ಈತ ಇದೇ ಯೂನಿವರ್ಸಿಟಿಯ ವಿದ್ಯಾರ್ಥಿ, ಆಮೇಲೆ ಇದರ ಚಾನ್ಸೆಲರ್, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೊದಲ ಮಹಾನಿರ್ದೇಶಕ, 1949ರ ನೊಬೆಲ್ ಶಾಂತಿ ಪುರಸ್ಕಾರ ಪಡೆದವರು. ಇಷ್ಟೆಲ್ಲ ಆದರೂ ತಮ್ಮ ಜೀವನದ ಅತಿ ದೊಡ್ಡ ಕೆಲಸದಲ್ಲಿ ಸೋತವರು. ಆ ಸೋಲಿನ ಕತೆಯನ್ನೂ ಸೇರಿಸಿ ಅವರ ಬದುಕನ್ನು ಇಲ್ಲಿ ಹೇಳುತ್ತಿದ್ದೇವೆ.

ಜಾನ್ ಹುಟ್ಟಿದ್ದು 1880ರ ಸೆಪ್ಟೆಂಬರ್ 23ರಂದು, ಗ್ಲಾಸ್ಗೋಗೆ ದೂರವಲ್ಲದ ಏರ್‌ಶೈರ್‌ನ ಕಿಲ್ಮಾರ್ಸ್ ಎಂಬ ಹಳ್ಳಿಯಲ್ಲಿ. ಏಳು ಮಕ್ಕಳಲ್ಲಿ ನಡುವಿನವರು. ತಂದೆಗೆ ಕಲ್ಲಿನ ಕ್ವಾರಿ ಇತ್ತು. ದೇವರಲ್ಲಿ ತುಂಬಾ ಭಕ್ತಿ, ಮನೆ ತುಂಬ ಧಾರ್ಮಿಕ ಪುಸ್ತಕ. ಅವರಿಗೆ ಸೇರಿದ ಹಡಗೊಂದು ಸಮುದ್ರದಲ್ಲಿ ಮುಳುಗಿ ಸಂಸಾರದ ಕೈ ಬಿಗಿಯಾಯಿತು, ವೆಸ್ಟ್ ಕಿಲ್‌ಬ್ರೈಡ್ ಎಂಬ ಊರಿಗೆ ಬಂದರು. ಹದಿಮೂರನೇ ವಯಸ್ಸಿಗೆ ಹುಡುಗನಿಗೆ ಸ್ಕಾಲರ್‌ಶಿಪ್ ಸಿಕ್ಕಿ ಕಿಲ್ಮಾರ್ನಾಕ್ ಪೇಟೆಯ ದೊಡ್ಡ ಶಾಲೆಗೆ ಹೋದ. ಅಲ್ಲಿ ಪಾಠಕ್ಕಿಂತ ಕ್ವಾರಿಯ ಕೂಲಿ ಆಳುಗಳ ಸಹವಾಸವೇ ಹೆಚ್ಚು ರುಚಿಸಿತು, ಅವರ ಬೈಗುಳವನ್ನೆಲ್ಲ ಚೆನ್ನಾಗಿ ಕಲಿತ. ನಾಲ್ಕು ತಿಂಗಳಿಗೆ ಮನೆಯವರು ವಾಪಸ್ ಕರೆಸಿ ಊರಿನ ಶಾಲೆಗೇ ಹಾಕಿದರು. ಅಲ್ಲೇ ಓದುತ್ತ, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ವಿದ್ಯಾರ್ಥಿ-ಮೇಷ್ಟ್ರೂ ಆದ.

ಹತ್ತೊಂಬತ್ತಕ್ಕೆ ಮತ್ತೊಂದು ಸ್ಕಾಲರ್‌ಶಿಪ್ ಮೇಲೆ ಗ್ಲಾಸ್ಗೋಗೆ ಬಂದರು, ಮೇಷ್ಟ್ರ ತರಬೇತಿಗೆ. ಆಗಿನ ಗ್ಲಾಸ್ಗೋ ನಾವು ಈಗ ನೋಡುವ ಊರಲ್ಲ. ಹಡಗು, ರೈಲ್ವೆ ಎಂಜಿನ್ ಕಟ್ಟಿ ಪ್ರಪಂಚಕ್ಕೆ ಮಾರುತ್ತಿದ್ದ ಶ್ರೀಮಂತ ನಗರ. ಅದರ ಹಿಂಬದಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಬದುಕುತ್ತಿದ್ದ ಕೊಳೆಗೇರಿ. ಶನಿವಾರ ರಾತ್ರಿ ಓರ್ ಆ ಓಣಿಗಳಲ್ಲಿ ನಡೆದು ಬರುತ್ತಿದ್ದರು. ರಿಕೆಟ್ಸ್ ಆಗಿ ಕಾಲು ಬಿಲ್ಲಿನ ಹಾಗೆ ಬಾಗಿದ ಮಕ್ಕಳು ಎಲ್ಲಿ ನೋಡಿದರೂ ಕಾಣುತ್ತಿದ್ದ ಕಾಲ ಅದು. ಡಿಗ್ರಿ ಮುಗಿದು ಮೊದಲ ಕೆಲಸ ಸಿಕ್ಕಿದ್ದೂ ಅಂಥ ಕೊಳೆಗೇರಿಯ ಶಾಲೆಯಲ್ಲೇ. ಕ್ಲಾಸು ತುಂಬ ಕಿಕ್ಕಿರಿದ ಮಕ್ಕಳು, ಹರಿದ ಬಟ್ಟೆ, ತಲೆಯಲ್ಲಿ ಹೇನು, ಹೊಟ್ಟೆಯಲ್ಲಿ ಏನೂ ಇಲ್ಲ. ಇವರಿಗೆ ಪಾಠದಿಂದ ತಾನು ಮಾಡಬಹುದಾದ್ದು ಏನೂ ಇಲ್ಲ ಅನ್ನಿಸಿ ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ಟುಬಿಟ್ಟರು.

ಇದನ್ನು ಓದಿದಾಗ ನಮಗೆ ಸ್ವಲ್ಪ ಬೇಜಾರೇ ಆಯಿತು. ಓಡಿಹೋದರಲ್ಲ ಅಂತ. ಆದರೆ ಅವರ ಮುಂದಿನ ಬದುಕೆಲ್ಲ ನೋಡಿದರೆ, ಆ ಕ್ಲಾಸ್‌ರೂಮಿಂದ ಅವರು ಕೊನೆಯವರೆಗೂ ಹೊರಗೆ ಬರಲೇ ಇಲ್ಲ ಅನ್ನಿಸುತ್ತದೆ.

ಸಾಲ್ಟ್‌ಕೋಟ್ಸ್ ಎಂಬ ಊರಿನಲ್ಲಿ ಮೂರು ವರ್ಷ ಮೇಷ್ಟ್ರಾಗಿದ್ದು, ಮತ್ತೆ ಇದೇ ಯೂನಿವರ್ಸಿಟಿಗೆ ವಿಜ್ಞಾನ ಮತ್ತು ವೈದ್ಯಕೀಯ ಓದಲು ಬಂದರು. ಫೀಸಿಗೆ ದುಡ್ಡಿಲ್ಲ. ಏನು ಮಾಡಿದರು ಗೊತ್ತಾ? ಬ್ಯಾಂಕಿನಲ್ಲಿ ಒಂಚೂರು ಸಾಲ, ಉಳಿದದ್ದಕ್ಕೆ ಅಡಮಾನ ಅಂತ ಹೊಂದಿಸಿ ಬಾಡಿಗೆದಾರರಿದ್ದ ಒಂದು ವಠಾರವನ್ನೇ ಕೊಂಡರು. ಬಾಡಿಗೆಯಲ್ಲಿ ಓದು ನಡೆಯಿತು, ಕೊನೆಗೆ ಲಾಭಕ್ಕೆ ಮಾರಿದರು. ಎಜುಕೇಶನ್ ಲೋನಿನ ಬಡ್ಡಿ ನೆನೆದು ನಿದ್ದೆಗೆಡುವ ನಮ್ಮಂಥವರಿಗೆ ಇದು ಹೊಟ್ಟೆಕಿಚ್ಚಿನ ವಿಷಯವೇ! 1912ರಲ್ಲಿ ಡಾಕ್ಟರಾದರು. ಸಾಲ ತೀರಿಸಲು ನಾಲ್ಕು ತಿಂಗಳು ಪಶ್ಚಿಮ ಆಫ್ರಿಕಾಗೆ ಹೋಗುವ ಹಡಗಿನಲ್ಲಿ ವೈದ್ಯರಾಗಿ ದುಡಿದರು. 1914ರಲ್ಲಿ ಎಂ.ಡಿ. ಪ್ರಬಂಧಕ್ಕೆ ಚಿನ್ನದ ಪದಕ ಬಂತು. ಆದರೆ ರೋಗಿ ನೋಡುವ ವೃತ್ತಿ ಹಿಡಿಯಲಿಲ್ಲ, ಸಂಶೋಧನೆ ಕಡೆ ತಿರುಗಿದರು.

ಅದೇ ವರ್ಷ ಏಪ್ರಿಲ್ 1ರಂದು ಅಬರ್ಡೀನ್‌ನಲ್ಲಿ ಪೋಷಣಾ ಸಂಶೋಧನಾ ಸಂಸ್ಥೆಯ ಹೊಣೆ ಹೊರಲು ಹೋದರೆ, ಅಲ್ಲಿ ಸಂಸ್ಥೆಯೇ ಇಲ್ಲ! ಇದ್ದದ್ದು ಒಂದು ಯೋಜನೆ, ಮರದ ಲ್ಯಾಬ್ ಕಟ್ಟಲು 5,000 ಪೌಂಡ್. ಓರ್ ಆ ಹಣದಲ್ಲಿ ಮರದ ಶೆಡ್ ಬದಲು ಗ್ರಾನೈಟ್ ಕಟ್ಟಡದ ಒಂದು ಭಾಗ ಎಬ್ಬಿಸಲು ಶುರು ಮಾಡಿದರು. ಮರದ್ದಾದರೆ ಕಿತ್ತು ಹಾಕೋದು ಸುಲಭ, ಕಲ್ಲಿನದಾದರೆ ಮುಂದುವರಿಸಲೇಬೇಕು. ಕ್ವಾರಿ ಮಾಲೀಕನ ಮಗ ಅಲ್ವಾ!

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸೇನೆಯ ವೈದ್ಯರಾಗಿ ಸೋಮ್ ಮತ್ತು ಪ್ಯಾಶೆಂಡೇಲ್ ಕದನಗಳನ್ನು ಕಣ್ಣಾರೆ ಕಂಡರು, ಧೈರ್ಯಕ್ಕಾಗಿ ಮಿಲಿಟರಿ ಕ್ರಾಸ್ ಮತ್ತು ಡಿ.ಎಸ್.ಓ. ಎರಡೂ ಬಂದವು. ನಮಗೆ ಪದಕಕ್ಕಿಂತ ಇಷ್ಟವಾದ ಸಂಗತಿ ಬೇರೆ. ಸೈನಿಕರಿಗೆ ಡಬ್ಬಿ ಊಟವೇ ಗತಿ ಆಗಿದ್ದಾಗ, ಜನ ಬಿಟ್ಟುಹೋದ ಹಿತ್ತಿಲು, ಹೊಲಗಳಿಂದ ತರಕಾರಿ ಕೀಳಿಸಿ ತಮ್ಮ ಪಡೆಯ ಅಡುಗೆಗೆ ಸೇರಿಸಿದರು. ಕೆಸರಿನಲ್ಲಿ ನಿಂತು ಪಾದ ಕೊಳೆಯದಿರಲಿ ಅಂತ ಒಂದು ಸೈಜು ದೊಡ್ಡ ಬೂಟು ಕೊಡಿಸಿದರು. ಕಾಯಿಲೆ ಬರುವ ಮುಂಚೆ ಅದರ ಕಾರಣವನ್ನು ನೋಡುವುದು, ಇಷ್ಟೇ ಅವರ ಪದ್ಧತಿ.

ಯುದ್ಧ ಮುಗಿಸಿ ಅಬರ್ಡೀನ್‌ಗೆ ಮರಳಿದ ಮೇಲೆ ರೋವೆಟ್ ಎಂಬ ಮದ್ಯದ ವ್ಯಾಪಾರಿಯ ಪರಿಚಯವಾಯಿತು, ಆತ ದೊಡ್ಡ ಮೊತ್ತ ಕೊಟ್ಟ. ಸಂಸ್ಥೆಗೆ ಆತನ ಹೆಸರೇ ಬಂದು 1922ರಲ್ಲಿ ರೋವೆಟ್ ಇನ್‌ಸ್ಟಿಟ್ಯೂಟ್ ಉದ್ಘಾಟನೆಯಾಯಿತು. ಅಲ್ಲಿನ ಕೆಲಸ ದನ, ಹಂದಿ, ಕುರಿಗಳ ಮೇವಿನದು. ಆದರೆ ರೋವೆಟ್ ಒಂದು ಷರತ್ತು ಹಾಕಿದ್ದ: ಪ್ರಾಣಿಗಳ ಬಗ್ಗೆ ಕಂಡುಕೊಂಡದ್ದು ಮನುಷ್ಯರಿಗೂ ಉಪಯೋಗ ಆಗುವುದಾದರೆ ಆ ದಾರಿಯಲ್ಲೂ ಸಂಶೋಧನೆ ಮಾಡಲು ಬಿಡಬೇಕು. ಓರ್‌ಗೆ ಬೇಕಾದದ್ದೂ ಅದೇ. ಹಂದಿಮರಿಗೆ ಎಷ್ಟು ಖನಿಜ, ಎಷ್ಟು ವಿಟಮಿನ್ ಬೇಕು ಅಂತ ತೂಗಿ ಹಾಕುವ ದೇಶದಲ್ಲಿ ಕೊಳೆಗೇರಿಯ ಮಗುವಿಗೆ ಎಷ್ಟು ಬೇಕು, ಎಷ್ಟು ಸಿಗುತ್ತಿದೆ ಅಂತ ಕೇಳುವವರು ಕಡಿಮೆ ಇದ್ದರು.

ಆಗ ಬ್ರಿಟನ್ನಿನಲ್ಲಿ ಹಾಲು ಮಾರಾಟವಾಗದೆ ಮಿಕ್ಕುತ್ತಿತ್ತು. ಓರ್ 1926-27ರಲ್ಲಿ ಸ್ಕಾಟ್ಲೆಂಡ್‌ನ ಹಲವು ಪಟ್ಟಣಗಳು ಮತ್ತು ಬೆಲ್‌ಫಾಸ್ಟ್‌ನ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ ಗಟ್ಟಿ ಹಾಲು, ಕೆಲವರಿಗೆ ಕೆನೆ ತೆಗೆದ ಹಾಲು, ಕೆಲವರಿಗೆ ಅಷ್ಟೇ ಕ್ಯಾಲೊರಿಯ ಬಿಸ್ಕತ್ತು, ಇನ್ನು ಕೆಲವರಿಗೆ ಏನೂ ಇಲ್ಲ. ಏಳು ತಿಂಗಳ ನಂತರ ಅಳೆದು ತೂಗಿ ನೋಡಿದರೆ, ಹಾಲು ಕುಡಿದ ಮಕ್ಕಳು ಉಳಿದವರಿಗಿಂತ ಶೇ. 20ರಷ್ಟು ಹೆಚ್ಚು ವೇಗವಾಗಿ ಬೆಳೆದಿದ್ದರು. ಬಿಸ್ಕತ್ತಿಗೆ ಆ ಶಕ್ತಿ ಇರಲಿಲ್ಲ. ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ ಅನ್ನೋದು ಅಂಕಿಗಳಲ್ಲಿ ಸಿಕ್ಕಿತು. ಇದೇ ಬಲದ ಮೇಲೆ ಮೊದಲು ಸ್ಕಾಟ್ಲೆಂಡ್‌ನಲ್ಲಿ, ಆಮೇಲೆ 1934ರಿಂದ ದೇಶದಲ್ಲೆಲ್ಲ ಶಾಲೆಗೆ ಅಗ್ಗದ ಹಾಲು ಬಂತು. 1946ರ ಕಾಯ್ದೆಯಿಂದ ಅದು ಉಚಿತವಾಯಿತು.

ಈ ಪ್ರಯೋಗದ ಬೆನ್ನಿಗೆ, 1930ರಲ್ಲಿ, ಬೇರೆಯವರು ಲ್ಯಾನಾರ್ಕ್‌ಶೈರ್‌ನಲ್ಲಿ 20,000 ಮಕ್ಕಳ ಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಸಿದರು. 10,000 ಮಕ್ಕಳಿಗೆ ಹಾಲು, 10,000 ಮಕ್ಕಳಿಗೆ ಇಲ್ಲ. ನಾವೆಲ್ಲ ಸ್ಟ್ಯಾಟಿಸ್ಟಿಕ್ಸ್ ಪೇಪರಿಗೆ ಉರು ಹೊಡೆದ ಟಿ-ಟೆಸ್ಟ್ ಇದೆಯಲ್ಲ, ಅದನ್ನು ಸ್ಟೂಡೆಂಟ್ ಅನ್ನೋ ಗುಪ್ತನಾಮದಲ್ಲಿ ಕೊಟ್ಟ ಗಾಸೆಟ್, 1931ರಲ್ಲಿ ಈ ಪ್ರಯೋಗದ ತಪ್ಪು ತೋರಿಸಿದರು. ಎರಡು ಗುಂಪು ಸಮತೋಲನದಲ್ಲಿ ಇಲ್ಲ ಅನ್ನಿಸಿದರೆ ಮಕ್ಕಳನ್ನು ಅದಲು ಬದಲು ಮಾಡಲು ಮೇಷ್ಟ್ರಿಗೆ ಅವಕಾಶ ಇತ್ತು. ಅವರು ಸಣಕಲು ಮಕ್ಕಳನ್ನೇ ಹಾಲಿನ ಗುಂಪಿಗೆ ಸೇರಿಸಿದ್ದಿರಬೇಕು, ಯಾಕಂದ್ರೆ ಶುರುವಿನಲ್ಲೇ ಹಾಲಿಲ್ಲದ ಗುಂಪಿನ ಮಕ್ಕಳು ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು. ವಿಜ್ಞಾನದ ಲೆಕ್ಕದಲ್ಲಿ ಇದು ದೊಡ್ಡ ದೋಷ. ಆದರೆ ಹಸಿದ ಮಗು ಎದುರಿಗೆ ಕೂತಿರುವಾಗ ನೀನು ಕಂಟ್ರೋಲ್ ಗ್ರೂಪ್, ನಿನಗೆ ಹಾಲಿಲ್ಲ ಅಂತ ಹೇಳಲು ಯಾವ ಮೇಷ್ಟ್ರಿಗೆ ಬಾಯಿ ಬರುತ್ತದೆ? ಈ ವಿಷಯ ಮಾತಾಡುವಾಗ ನಮ್ಮೊಳಗೇ ಎರಡು ಪಕ್ಷ ಆಯಿತು, ಇನ್ನೂ ತೀರ್ಮಾನ ಆಗಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2013ರ ಆಗಸ್ಟ್ ನೆನಪಿದೆ. ಕ್ಷೀರಭಾಗ್ಯ ಶುರುವಾದ ತಿಂಗಳು ಅದು. ಮನೆಯಿಂದ ಸ್ಟೀಲ್ ಲೋಟ ತರಬೇಕು, ಹಾಲಿನ ಪುಡಿ ಕದಡಿದ ಬಿಸಿ ಹಾಲು 150 ಮಿಲೀ. ಆ ಪುಡಿ ವಾಸನೆಗೆ ಮೂಗು ಮುಚ್ಚಿಕೊಂಡು ಕುಡಿದವರು ನಾವು. ಪಕ್ಕದಲ್ಲಿ ಕೂತವನು ಎರಡನೇ ಲೋಟಕ್ಕೆ ಯಾಕೆ ಕೈ ಚಾಚುತ್ತಿದ್ದ ಅಂತ ಆಗ ಯೋಚಿಸಲಿಲ್ಲ.

ಮಕ್ಕಳ ಹಾಲಿನಿಂದ ಓರ್ ಇಡೀ ದೇಶದ ತಟ್ಟೆ ಕಡೆ ನೋಡಿದರು. 1,152 ಸಂಸಾರಗಳ ಖರ್ಚಿನ ಲೆಕ್ಕ ಕೂಡಿಸಿ, ಆದಾಯದ ಪ್ರಕಾರ ಜನರನ್ನು ಆರು ಗುಂಪು ಮಾಡಿ, 1936ರಲ್ಲಿ ಆಹಾರ, ಆರೋಗ್ಯ, ಆದಾಯ ಎಂಬ ವರದಿ ಹೊರತಂದರು. ತೀರಾ ಬಡವರ ಗುಂಪು, ಅಂದ್ರೆ ಸುಮಾರು 45 ಲಕ್ಷ ಜನ, ತಲೆಗೆ ವಾರಕ್ಕೆ 4 ಶಿಲ್ಲಿಂಗ್ ಊಟಕ್ಕೆ ಖರ್ಚು ಮಾಡುತ್ತಿದ್ದರೆ, ಮೇಲಿನ ಗುಂಪು 14 ಶಿಲ್ಲಿಂಗ್ ಖರ್ಚು ಮಾಡುತ್ತಿತ್ತು. ರೊಟ್ಟಿ, ಆಲೂಗಡ್ಡೆ ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಒಂದೇ. ಹಾಲು, ಹಣ್ಣು, ತರಕಾರಿ, ಮೊಟ್ಟೆ ಮಾತ್ರ ಆದಾಯದ ಜತೆ ಏರುತ್ತ ಹೋಗುತ್ತಿತ್ತು. ಪೂರ್ಣ ಆರೋಗ್ಯಕ್ಕೆ ಬೇಕಾದಷ್ಟು ಊಟ ದೇಶದ ಅರ್ಧದಷ್ಟು ಜನಕ್ಕೆ ಸಿಗುತ್ತಿಲ್ಲ ಎಂಬುದು ತೀರ್ಮಾನ. ಅರ್ಧ ಪ್ರಪಂಚ ಆಳುವ ಸಾಮ್ರಾಜ್ಯದ ಸ್ವಂತ ಮನೆಯ ಕತೆ ಇದು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಬಡವರು ಹೇಗೆ ಅಡುಗೆ ಮಾಡಬೇಕು, ಹೇಗೆ ದುಡ್ಡು ಖರ್ಚು ಮಾಡಬೇಕು ಅಂತ ಗೊತ್ತಿಲ್ಲದೆ ಹೀಗಾಗಿದೆ ಅನ್ನೋ ವಾದ ಆಗಲೂ ಇತ್ತು, ಈಗಲೂ ಇದೆ. ಓರ್ ವರದಿಯ ಉತ್ತರ ನೇರವಾಗಿತ್ತು: ಇದು ಅಜ್ಞಾನದ ವಿಷಯ ಅಲ್ಲ, ಜೇಬಿನ ವಿಷಯ. ಅವರ ಅಳತೆಗೋಲು ತುಂಬಾ ಎತ್ತರದ್ದು ಅಂತ ಕೆಲವು ತಜ್ಞರೂ ಜಗಳ ತೆಗೆದರು. ಸಾಯದಿರಲು ಬೇಕಾದಷ್ಟು ಊಟವೇ ಅಥವಾ ಚೆನ್ನಾಗಿ ಬೆಳೆಯಲು ಬೇಕಾದಷ್ಟೇ, ಯಾವುದನ್ನು ಅಳತೆ ಅಂತ ಹಿಡಿಯಬೇಕು? ಓರ್ ಎರಡನೆಯದನ್ನು ಹಿಡಿದರು. ಆಹಾರದ ಹಕ್ಕು ಅಂತ ನಾವು ಈಗ ಹೇಳುವ ಮಾತಿನ ಬೇರು ಈ ಆಯ್ಕೆಯಲ್ಲೂ ಇದೆ.

ಎರಡನೇ ಮಹಾಯುದ್ಧ ಅವರ ಮಾತಿಗೆ ಬೆಲೆ ತಂದಿತು. ಜರ್ಮನ್ ಸಬ್‌ಮರೀನ್‌ಗಳು ಧಾನ್ಯದ ಹಡಗು ಮುಳುಗಿಸುತ್ತಿದ್ದಾಗ ಬ್ರಿಟನ್ ರೇಷನ್ ಹಾಕಿತು. ಆ ನೀತಿಗೆ ಸಲಹೆ ಕೊಟ್ಟ ವಿಜ್ಞಾನಿಗಳಲ್ಲಿ ಓರ್ ಒಬ್ಬರು. 1940ರಿಂದ ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಪೈಂಟ್ ಹಾಲು ಅಗ್ಗಕ್ಕೆ ಅಥವಾ ಉಚಿತವಾಗಿ ಸಿಕ್ಕಿತು. ಒಟ್ಟು ಆಹಾರ ಬಿಗಿಯಾದ ಕಾಲದಲ್ಲೇ ಶಿಶುಮರಣ ಇಳಿಯಿತು. ಇದ್ದದ್ದನ್ನು ಹಂಚಿಕೊಂಡು ತಿಂದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿಲ್ಲ. ಆದರೆ ಇದೇ ಯುದ್ಧದ ನಡುವೆ, 1943ರಲ್ಲಿ, ಇದೇ ಸಾಮ್ರಾಜ್ಯದ ಬಂಗಾಳದಲ್ಲಿ ಬರ ಬಂದು ಸುಮಾರು 30 ಲಕ್ಷ ಜನ ಸತ್ತರು ಎಂದು ಅಂದಾಜಿದೆ. ಲಂಡನ್ನಿನ ಬಡವನಿಗೆ ಸಿಕ್ಕ ರೇಷನ್ ಚೀಟಿ ಬಂಗಾಳದ ಹಳ್ಳಿಯ ಕೂಲಿಗೆ ಸಿಗಲಿಲ್ಲ. ಓದುವಾಗ ಈ ಎರಡು ವಿಷಯವನ್ನು ಅಕ್ಕಪಕ್ಕ ಇಟ್ಟು ನೋಡದೆ ಇರಲು ನಮ್ಮಿಂದ ಆಗಲಿಲ್ಲ. ಓರ್ ಮನೆಗೂ ಯುದ್ಧ ಬಂತು. ಅವರ ಒಬ್ಬನೇ ಮಗ 1942ರಲ್ಲಿ ಯುದ್ಧಕ್ಕೆ ಬಲಿಯಾದ.

1943ರಲ್ಲಿ ಅಮೆರಿಕದ ಹಾಟ್ ಸ್ಪ್ರಿಂಗ್ಸ್‌ನಲ್ಲಿ 44 ದೇಶಗಳು ಆಹಾರದ ಬಗ್ಗೆ ಸಭೆ ಸೇರಿದವು. ಬ್ರಿಟನ್ ತನ್ನ ನಿಯೋಗದಲ್ಲಿ ಓರ್‌ ಅವರನ್ನು ಕಳಿಸಲಿಲ್ಲ. ಎರಡು ವರ್ಷದ ನಂತರ ಕೆನಡಾದ ಕ್ವಿಬೆಕ್‌ನಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿದಾಗ, 1945ರ ಅಕ್ಟೋಬರ್ 16ರಂದು ಶುರುವಾದ ಸಭೆಗೆ, ಅವರು ಬರೀ ಸಲಹೆಗಾರರಾಗಿ ಹೋಗಿದ್ದರು. ಅಲ್ಲಿ ಮಾತಾಡುವ ಅವಕಾಶ ಸಿಕ್ಕಿತು. ಹಸಿದ ಜನಕ್ಕೆ ಬೇಕಾದದ್ದು ಊಟ, ಇನ್ನಷ್ಟು ಅಂಕಿಅಂಶ ಅಲ್ಲ ಅನ್ನೋ ಧಾಟಿಯ ಅವರ ಮಾತು ಸಭೆಯನ್ನು ಹಿಡಿಯಿತು. 65 ವರ್ಷದ, ರಿಟೈರ್ ಆಗಿ ಹೊಲ ನೋಡಿಕೊಳ್ಳುವ ಯೋಚನೆಯಲ್ಲಿದ್ದ ಮನುಷ್ಯ ಮಹಾನಿರ್ದೇಶಕನಾಗಿ ಹೊರಗೆ ಬಂದರು. ನಾವು ಆಚರಿಸುವ ವಿಶ್ವ ಆಹಾರ ದಿನ ಅದೇ ಅಕ್ಟೋಬರ್ 16.

ಯುದ್ಧ ಮುಗಿದಿದ್ದರೂ 1946ರಲ್ಲಿ ಪ್ರಪಂಚದ ತುಂಬ ಧಾನ್ಯದ ಕೊರತೆ. ಓರ್ ಮೊದಲು ತುರ್ತು ಆಹಾರ ಮಂಡಳಿಯೊಂದನ್ನು ನಿಲ್ಲಿಸಿ, ಇದ್ದ ಧಾನ್ಯ ಯಾವ ದೇಶಕ್ಕೆ ಎಷ್ಟು ಅಂತ ಹಂಚುವ ವ್ಯವಸ್ಥೆ ಮಾಡಿದರು. ಆದರೆ ಅವರ ಮನಸ್ಸಿನಲ್ಲಿ ಇದ್ದದ್ದು ಶಾಶ್ವತ ಏರ್ಪಾಡು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಆಹಾರ ಮಂಡಳಿಯ ಯೋಜನೆ ಮಂಡಿಸಿದರು. ನಮ್ಮ ಉತ್ತರ ಕರ್ನಾಟಕದ ಗೆಳೆಯರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಪ್ರಪಂಚಕ್ಕೆಲ್ಲ ಸೇರಿದ ಒಂದು ಹಗೇವು. ಬೆಳೆ ಹೆಚ್ಚಾದಾಗ ಮಂಡಳಿ ಒಳ್ಳೆ ಬೆಲೆಗೆ ಕೊಂಡು ದಾಸ್ತಾನು ಇಡಬೇಕು, ರೈತ ಮುಳುಗಬಾರದು. ಬೆಳೆ ಕಡಿಮೆಯಾದಾಗ ದಾಸ್ತಾನು ಬಿಡಬೇಕು, ಉಣ್ಣುವವನು ಸಾಯಬಾರದು. ಕೊಳ್ಳಲು ಶಕ್ತಿಯಿಲ್ಲದ ದೇಶಕ್ಕೆ ಸಾಲ, ರಿಯಾಯಿತಿ, ಬೇಸಾಯ ಸುಧಾರಿಸಲು ನೆರವು. 1930ರ ದಶಕದಲ್ಲಿ ಬೆಲೆ ಇಲ್ಲ ಅಂತ ಒಂದು ಕಡೆ ಗೋಧಿ, ಕಾಫಿ ಸುಟ್ಟು ಇನ್ನೊಂದು ಕಡೆ ಜನ ಉಪವಾಸ ಬಿದ್ದದ್ದನ್ನು ನೋಡಿದ್ದ ಮನುಷ್ಯನ ಯೋಜನೆ ಇದು.

ಕೋಪನ್‌ಹೇಗನ್‌ನಲ್ಲಿ ಎಲ್ಲರೂ ತಲೆ ಆಡಿಸಿದರು. ವಿವರ ಕೂಡಿಸಲು ವಾಷಿಂಗ್ಟನ್ನಿನಲ್ಲಿ ಆಯೋಗ ಕೂತಾಗ ಅಮೆರಿಕ ಹಿಂದೆ ಸರಿಯಿತು. ತನ್ನ ಹೆಚ್ಚುವರಿ ಧಾನ್ಯವನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು ಅನ್ನೋ ಅಧಿಕಾರ ಬಿಡಲು ಅದಕ್ಕೆ ಇಷ್ಟವಿರಲಿಲ್ಲ. ಆಮದು ಮಾಡಿಕೊಂಡು ತಿನ್ನುವ ಬ್ರಿಟನ್ನಿಗೆ ಆಹಾರದ ಬೆಲೆ ಏರುವ ಭಯ. ಸೋವಿಯತ್ ಒಕ್ಕೂಟ ಸಂಸ್ಥೆಯೊಳಗೆ ಬರಲೇ ಇಲ್ಲ. 1947ರ ಹೊತ್ತಿಗೆ ಉಳಿದದ್ದು ಸಲಹೆ ಕೊಡಬಲ್ಲ, ಒಂದು ಮೂಟೆ ಧಾನ್ಯವನ್ನೂ ಕೊಳ್ಳಲಾಗದ ಒಂದು ಪರಿಷತ್ತು. ಓರ್ 1948ರಲ್ಲಿ ಹುದ್ದೆ ಬಿಟ್ಟರು. ಕೊಳೆಗೇರಿ ಶಾಲೆಯಿಂದ ಹೊರಬಂದ ನಂತರ ಬರೀ ಕೈಯಲ್ಲಿ ನಿರ್ಗಮಿಸಿದ್ದು ಇದು ಎರಡನೇ ಸಲ.

ಮರುವರ್ಷ ನೊಬೆಲ್ ಶಾಂತಿ ಪುರಸ್ಕಾರ ಬಂತು. ಹಸಿದ ಪ್ರಪಂಚದಲ್ಲಿ ಶಾಂತಿ ನಿಲ್ಲುವುದಿಲ್ಲ ಎಂದು ಅವರು ಊರೂರಿಗೆ ಹೇಳುತ್ತಿದ್ದದ್ದಕ್ಕೆ ಸಂದ ಗೌರವ ಅದು. ಬಹುಮಾನದ ಹಣವನ್ನು ಶಾಂತಿಗಾಗಿ, ವಿಶ್ವ ಸರ್ಕಾರಕ್ಕಾಗಿ ದುಡಿಯುವ ಸಂಘಟನೆಗಳಿಗೆ ಕೊಟ್ಟುಬಿಟ್ಟರು. ಅವರೇನು ಸನ್ಯಾಸಿ ಅಲ್ಲ. ನಿವೃತ್ತಿಯ ನಂತರ ಕಂಪನಿ ನಿರ್ದೇಶಕರಾಗಿ, ಷೇರು ಪೇಟೆಯಲ್ಲಿ ಚೆನ್ನಾಗಿಯೇ ಸಂಪಾದಿಸಿದರು. ವಠಾರ ಕೊಂಡು ಓದಿದ ಹುಡುಗನ ಬುದ್ಧಿ ಕೊನೆತನಕ ಇತ್ತು ಅಂತ ನಗಬಹುದು. ಮಾರುಕಟ್ಟೆ ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ಬಲ್ಲವರಾಗಿದ್ದೇ, ಊಟವನ್ನು ಪೂರ್ತಿ ಮಾರುಕಟ್ಟೆ ಕೈಗೆ ಬಿಡಬಾರದು ಅಂದರು.

ಅವರ ಹಗೇವು ಪ್ರಪಂಚಕ್ಕೆ ಸಿಗಲಿಲ್ಲ, ಅದರ ಚೂರುಗಳು ಅಲ್ಲಲ್ಲಿ ಸಿಕ್ಕವು. ಅವರ ಕುರ್ಚಿಯಲ್ಲಿ 1956ರಿಂದ 1967ರವರೆಗೆ ಕೂತವರು ಭಾರತದ ಬಿ.ಆರ್. ಸೆನ್, 1960ರಲ್ಲಿ ಹಸಿವಿನಿಂದ ಮುಕ್ತಿ ಅಭಿಯಾನ ಶುರು ಮಾಡಿದವರು ಅವರೇ. 1948ರ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿಯಲ್ಲಿ ಆಹಾರದ ಮಾತು ಬಂತು, 1966ರ ಒಡಂಬಡಿಕೆಯಲ್ಲಿ ಹಸಿವಿಲ್ಲದೆ ಬದುಕುವುದು ಮೂಲಭೂತ ಹಕ್ಕು ಅಂತಾಯಿತು. ನಮ್ಮ ದೇಶ 1965ರಲ್ಲಿ ಆಹಾರ ನಿಗಮ ಕಟ್ಟಿ ಧಾನ್ಯ ಕೊಂಡು ದಾಸ್ತಾನು ಇಡಲು ಶುರು ಮಾಡಿತು. ಆ ಗೋದಾಮು ತುಂಬಿದ್ದರೂ ಜನ ಹಸಿದಿದ್ದಾಗ ಸುಪ್ರೀಂ ಕೋರ್ಟ್ 2001ರಲ್ಲಿ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಆದೇಶ ಮಾಡಿತು, 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಇಷ್ಟಾದರೂ ಓರ್ ಕಟ್ಟಿದ ಸಂಸ್ಥೆಯ ಲೆಕ್ಕದ ಪ್ರಕಾರವೇ 2024ರಲ್ಲಿ ಪ್ರಪಂಚದಲ್ಲಿ 67 ಕೋಟಿ ಜನ ಹಸಿವಿನಲ್ಲಿದ್ದರು.

ಬಾಯ್ಡ್ ಓರ್ 1971ರ ಜೂನ್ 25ರಂದು, ತೊಂಬತ್ತನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡ್‌ನ ತಮ್ಮ ಹೊಲದ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಖರ್ಚು ಉಳಿಸಲು ಏಳು ವರ್ಷ ದಾಟಿದ ಶಾಲಾ ಮಕ್ಕಳ ಉಚಿತ ಹಾಲು ನಿಲ್ಲಿಸುವ ಕಾಯ್ದೆ ಮಾಡಿತು.

ಎಂಜಿನಿಯರಿಂಗ್ ಓದಿದ ನಮಗೆ ಒಂದು ಚಟ ಇದೆ, ಯಾವ ಸಮಸ್ಯೆ ಕಂಡರೂ ಅದಕ್ಕೊಂದು ಉಪಕರಣ, ಒಂದು ಆ್ಯಪ್ ಇದ್ದರೆ ಮುಗೀತು ಅನ್ನಿಸುತ್ತೆ. ಓರ್ ಕೈಯಲ್ಲಿ ಪರಿಹಾರ ಇತ್ತು, ಅಂಕಿ ಇತ್ತು, ಸಾಬೀತೂ ಆಗಿತ್ತು. ಹಾಲು ಇತ್ತು, ಗೋಧಿ ಇತ್ತು. ಕೊಡುತ್ತೇವೆ ಅಂತ ಒಪ್ಪಿ ಸಹಿ ಹಾಕುವ ಕೈ ಮಾತ್ರ ಬರಲಿಲ್ಲ. ಈ ವರ್ಷ ಹೊಸದಾಗಿ ಬರುವ ತಮ್ಮ ತಂಗಿಯರು ಬಾಯ್ಡ್ ಓರ್ ಬಿಲ್ಡಿಂಗ್ ಎಲ್ಲಿದೆ ಅಂತ ದಾರಿ ಕೇಳಿದರೆ, ದಾರಿ ತೋರಿಸಿ, ಜತೆಗೆ ಎರಡು ನಿಮಿಷ ನಿಂತು ಆ ಹೆಸರು ಯಾರದ್ದು ಅಂತಲೂ ಹೇಳಿ. ನಮಗೆ ಯಾರೂ ಹೇಳಿರಲಿಲ್ಲ.